ಹಬೆಯಕ್ಕನ ನೀಲಿ ಕುದುರೆ

ಬೆಳಕು ಇನ್ನೂ ಕಿಟಕಿಯ ಗಾಜು ಮುಟ್ಟಿಲ್ಲ. ಕಾರ್ಖಾನೆಯ ಹಿಂಭಾಗದಲ್ಲಿ ಬಾಯ್ಲರ್ ಗೊರಗೊರ ಎನ್ನುತ್ತ ಎಚ್ಚರಗೊಳ್ಳುತ್ತಿದೆ. ಗೋಡೆಯುದ್ದಕ್ಕೂ ಹಾದುಹೋದ ಕೊಳವೆಗಳು ಬಿಸಿಯೇರುತ್ತ ಒಂದಾದ ಮೇಲೊಂದು ಟಕ್ಕೆನ್ನುತ್ತಿವೆ. ತಲೆಗೆ ಬಟ್ಟೆ ಬಿಗಿದು, ಮೊಣಕೈವರೆಗೆ ತೋಳು ಮಡಚಿದ ಹೆಂಗಸೊಬ್ಬರು ಪ್ರೆಸ್ಸಿನ ಪಕ್ಕದ ತಿರುಪನ್ನು ಚೂರೇ ಚೂರು ತಿರುಗಿಸುತ್ತಾರೆ. ಬುಸ್ಸೆಂದು ಹಬೆ ಚಿಮ್ಮುತ್ತದೆ. ಅವರು ಮುಖ ಆಚೆ ತಿರುಗಿಸಿ, ಆ ಬುಸುಗುಟ್ಟುವಿಕೆ ತೆಳ್ಳಗಾಗುವವರೆಗೆ ಕಾಯುತ್ತಾರೆ.

"ರಾತ್ರಿಯೆಲ್ಲ ಕೊಳವೇಲಿ ನೀರು ಕೂತಿರುತ್ತೆ. ಅದನ್ನ ಮೊದ್ಲು ಹೊರಗೆ ಕಳಿಸ್ಬೇಕು. ಇಲ್ದಿದ್ರೆ ಇವಳು ದಿನವಿಡೀ ಮುನಿಸ್ಕೊಂಡೇ ಇರ್ತಾಳೆ" ಎನ್ನುತ್ತಾರೆ. ಇವಳು ಎಂದರೆ ಪ್ರೆಸ್ಸು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋದ, ಎದೆಯೆತ್ತರದ ಕಬ್ಬಿಣದ ಯಂತ್ರ. ಮಾತಾಡುತ್ತಿರುವವರನ್ನು ಇಲ್ಲಿ ಎಲ್ಲರೂ ಕರೆಯುವುದು ಹಬೆಯಕ್ಕ ಎಂದು. ಮಾಲೀಕರಿಗೂ ಹಬೆಯಕ್ಕ, ಗೇಟಿನ ಕಾವಲುಗಾರನಿಗೂ ಹಬೆಯಕ್ಕ. ವಯಸ್ಸು ಅರವತ್ತೈದು ದಾಟಿದೆ. ಇದು ಗ್ರಾಮಫೋನ್ ರೆಕಾರ್ಡು ಒತ್ತುವ ಕಾರ್ಖಾನೆ. ಕೈಯಿಂದ ನಡೆಸುವ ಹಳೆಯ ಪ್ರೆಸ್ಸಿನ ಮುಂದೆ ನಿಲ್ಲುವವರು ಇಲ್ಲಿ ಈಗ ಅವರೊಬ್ಬರೇ.

ಕೆಲಸ ನೋಡುವವರಿಗೆ ಸುಲಭ. ಕೆಳಗೊಂದು ಲೇಬಲ್ಲು, ಮೇಲೊಂದು ಲೇಬಲ್ಲು, ನಡುವೆ ಬಿಸಿಬಿಸಿಯಾದ ಕರಿಯ ಪ್ಲಾಸ್ಟಿಕ್ ಉಂಡೆ. ಪ್ರೆಸ್ಸು ಬಾಯಿ ಮುಚ್ಚುತ್ತದೆ. ಹಬೆ ಹರಿದು ಉಂಡೆ ಕರಗಿ ಅಚ್ಚಿನ ತುಂಬ ಹರಡುತ್ತದೆ. ಆಮೇಲೆ ತಣ್ಣೀರು. ಬಾಯಿ ತೆರೆದಾಗ ಉಂಡೆ ಹೋಗಿ ತಟ್ಟೆ ಬಂದಿರುತ್ತದೆ, ಅದರ ಮೈತುಂಬ ಕೂದಲೆಳೆಯಂಥ ಗೆರೆ. ಅಂಚಿನಲ್ಲಿ ಉಕ್ಕಿದ್ದನ್ನು ಕತ್ತರಿಸಿ ಬದಿಗಿಟ್ಟು ಮತ್ತೆ ಲೇಬಲ್ಲಿಗೆ ಕೈ ಹಾಕಬೇಕು. ದಿನ ಚೆನ್ನಾಗಿದ್ದರೆ ಸಂಜೆಯ ಹೊತ್ತಿಗೆ ಐನೂರರ ಹತ್ತಿರ ತಟ್ಟೆ ಏಳುತ್ತವೆ. ಹಬೆಯಕ್ಕನ ಮುಂಗೈಗಳ ಮೇಲೆ ಸುಟ್ಟ ಗುರುತುಗಳು ಒಂದರ ಮೇಲೊಂದು ಬಿದ್ದಿವೆ. ಯಾವುದು ಪ್ರೆಸ್ಸಿನದು, ಯಾವುದು ಇಸ್ತ್ರಿಯದು, ಯಾವುದು ಮನೆಯ ಒಲೆಯದು ಎಂದು ಕೇಳಿದರೆ ಅವರಿಗೇ ನಗು ಬರುತ್ತದೆ. "ಅವಕ್ಕೂ ನೆನಪಿಲ್ಲ, ನಂಗೂ ನೆನಪಿಲ್ಲ."

ಈ ವಾರ ಅವರ ಪಕ್ಕದ ಮೇಜಿನ ಮೇಲೆ ರೆಕಾರ್ಡು ಹಾಕಿಡುವ ಹೊಸ ರಟ್ಟಿನ ಹೊದಿಕೆಗಳ ಕಟ್ಟುಗಳಿವೆ. ಹೊದಿಕೆಯ ತುಂಬ ಒಂದು ನೀಲಿ ಕುದುರೆ. ಅದರ ಕಣ್ಣು ಹೂವಿನಂತೆ ಅರಳಿದೆ, ಬಾಲ ಕಿತ್ತಳೆ ಬಣ್ಣದ ಹೊಗೆಯಾಗಿ ಸುತ್ತಿಕೊಂಡು ಅಕ್ಷರಗಳೊಳಗೆ ಸೇರಿಹೋಗಿದೆ. ಅಕ್ಷರಗಳೋ, ಬಿಸಿಲಿಗೆ ಇಟ್ಟ ಮೇಣದಂತೆ ಕೆಳಕ್ಕೆ ಜಾರುತ್ತಿವೆ. ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಇಂಗ್ಲೆಂಡಿನ ಐದು ಜನ ಹುಡುಗರು ಸೇರಿ ಮಾಡಿದ ರಾಕ್ ಆಲ್ಬಮ್ ಇದು. ಕಣ್ಣು ಮುಚ್ಚಿದರೂ ಬಣ್ಣ ಕಾಣುವಂಥ ಸಂಗೀತ ಮಾಡುತ್ತೇವೆಂದು ಹೊರಟ ಆ ಕಾಲದ ಹುಚ್ಚಿನ ಕೂಸು. ಬಂದಾಗ ಹೆಚ್ಚು ಜನ ಕೇಳಲಿಲ್ಲ, ತಂಡ ಒಡೆದುಹೋಯಿತು. ಕೇಳಿದವರು ಮಾತ್ರ ಬಿಡಲಿಲ್ಲ. ಈಗ ಅದನ್ನು ಮತ್ತೆ ಹೊರತರುತ್ತಿದ್ದಾರೆ. ಅದರ ನಿಜವಾದ ಹೆಸರು ಉದ್ದವಾಗಿದೆ. ಹಬೆಯಕ್ಕನಿಗೆ ಅದು ಅಂದೂ ನೀಲಿ ಕುದುರೆ, ಇಂದೂ ನೀಲಿ ಕುದುರೆ.

ಅಂದೂ ಎನ್ನಲು ಕಾರಣವಿದೆ. ಇದೇ ಕಟ್ಟಡದಲ್ಲಿ, ಇದೇ ಪ್ರೆಸ್ಸುಗಳ ಸಾಲಿನಲ್ಲಿ, ಹದಿನೆಂಟರ ಹುಡುಗಿಯಾಗಿದ್ದಾಗ ಅವರು ಇದೇ ರೆಕಾರ್ಡನ್ನು ಒತ್ತಿದ್ದರು. ಇಂಗ್ಲೆಂಡಿನಲ್ಲಿ ಬಂದು ಹತ್ತು ವರ್ಷ ಕಳೆದ ಮೇಲೆ ಅದು ಇಲ್ಲಿಗೆ ಬಂದಿತ್ತು. ಎಷ್ಟು ಒತ್ತಿದರೋ ಲೆಕ್ಕವಿಲ್ಲ. ಆದರೆ ಒಂದು ಸಾರಿಯೂ ಕೇಳಿರಲಿಲ್ಲ.

"ಎಲ್ಲಿ ಕೇಳೋದು? ಆಗ ಇಲ್ಲಿ ಇಪ್ಪತ್ತು ಪ್ರೆಸ್ಸು. ಪಕ್ಕದಲ್ಲಿರೋಳು ಬಾಯಿ ಹರ್ಕೊಂಡು ಕೂಗಿದ್ರೂ ಬರೀ ತುಟಿ ಕಾಣ್ತಿತ್ತು. ಮನೇಲಿ ರೆಕಾರ್ಡ್ ಹಾಕೋ ಪೆಟ್ಟಿಗೆ ಇರ್ಲಿಲ್ಲ. ಊರಿಗೆಲ್ಲ ಹಾಡು ಒತ್ತಿಕೊಟ್ವಿ, ನಮಗೆ ಸಿಕ್ಕಿದ್ದು ಬರೀ ಗುಂಯ್ ಅನ್ನೋ ಕಿವಿ."

ಅವರು ಒತ್ತಿದ ಹಾಡನ್ನು ಅವರಿಗೆ ತಂದುಕೊಟ್ಟವರು ಬೇರೊಬ್ಬರು. ಆಗ ಕಾರ್ಖಾನೆಯಲ್ಲಿ ತಳ್ಳುಗಾಡಿ ನಡೆಸುವ ಹುಡುಗನೊಬ್ಬನಿದ್ದ. ಪ್ರೆಸ್ಸುಗಳಿಂದ ಎದ್ದ ತಟ್ಟೆಗಳನ್ನು ಜೋಡಿಸಿಕೊಂಡು, ಉದ್ದನೆಯ ಓಣಿಯಂಥ ಹಾದಿಯಲ್ಲಿ ತಳ್ಳಿಕೊಂಡು ಹೋಗಿ, ಕೊನೆಯಲ್ಲಿದ್ದ ಕೇಳುವ ಕೋಣೆಯ ಬಾಗಿಲಲ್ಲಿ ನಿಲ್ಲುವುದು ಅವನ ಕೆಲಸ. ಒಳಗೆ ಕುಳಿತವರು ಪ್ರತಿ ಗಾಡಿಯಿಂದ ಒಂದು ತಟ್ಟೆ ಹಾಕಿ ಕೇಳಿ, ಸರಿಯಿದೆ ಎಂದ ಮೇಲೆಯೇ ಗಾಡಿ ಮುಂದೆ ಹೋಗಬೇಕು. ಅಲ್ಲಿಯವರೆಗೆ ಅವನು ಗೋಡೆಗೊರಗಿ ನಿಂತಿರುತ್ತಿದ್ದ.

ನೀಲಿ ಕುದುರೆಯ ದಿನಗಳಲ್ಲಿ ಒಂದು ಸಂಜೆ, ಗೇಟಿನಿಂದ ಹೊರಬಿದ್ದ ಹುಡುಗಿಯ ಹಿಂದೆ ಯಾರೋ ಸಿಳ್ಳೆ ಹಾಕಿಕೊಂಡು ಬರುತ್ತಿದ್ದರು. ಹುಡುಗಿ ಸಿಡಿಮಿಡಿಗೊಂಡು ತಿರುಗಿದರೆ, ಗಾಡಿಯ ಹುಡುಗ. "ಏನ್ರೀ ಇದು, ಬೀದೀಲಿ?" ಎಂದು ಗದರಿದರಂತೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, "ತಪ್ಪು ತಿಳ್ಕೋಬೇಡಿ. ಇದು ನೀವು ಒತ್ತಿದ ಹಾಡು. ನೀಲಿ ಕುದುರೆದು. ನೀವು ಕೇಳೇ ಇಲ್ವಲ್ಲ, ಅದಕ್ಕೆ ತಂದ್ಕೊಡ್ತಿದೀನಿ" ಎಂದ. ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಪೂರ್ತಿ ಹಾಕಿ" ಎಂದುಬಿಟ್ಟರು.

ಹೇಳುವಾಗ ಹಬೆಯಕ್ಕನ ಕೆನ್ನೆ ಈಗಲೂ ಕೆಂಪೇರುತ್ತದೆ. ಹಬೆಯ ಬಿಸಿಗೆ ಎಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

ಮದುವೆಯಾಯಿತು. ಮಗಳು ಹುಟ್ಟಿದಳು. ಕ್ಯಾಸೆಟ್ಟು ಬಂತು, ರೆಕಾರ್ಡು ಕೇಳುವವರಿಲ್ಲದೆ ಕಾರ್ಖಾನೆಗೆ ಬೀಗ ಬಿತ್ತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಕೆಲಸ ಹೋಯಿತು. ಗಂಡ ತರಕಾರಿ ಮಂಡಿಯಲ್ಲಿ ಗಾಡಿ ತಳ್ಳಲು ಸೇರಿದರು. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆಯ ಇಸ್ತ್ರಿ ಹಿಡಿದರು. ಮಂಚದ ಬಿಳಿ ಹಾಸುಗಳು, ಹಸಿರು ನಿಲುವಂಗಿಗಳು, ಕೊನೆಯೇ ಇಲ್ಲದ ರಾಶಿ. "ಹಬೆ ನನ್ನ ಬೆನ್ನು ಬಿಡ್ಲಿಲ್ಲ ನೋಡಿ" ಎನ್ನುತ್ತಾರೆ. ಇಪ್ಪತ್ತೈದು ವರ್ಷ ಹಾಗೆಯೇ ಹೋಯಿತು.

ಇಷ್ಟೆಲ್ಲದರ ನಡುವೆ ಆ ಸಿಳ್ಳೆ ಮಾತ್ರ ಮನೆಯಲ್ಲಿ ಉಳಿಯಿತು. ಗಂಡ ಮುಖ ಕ್ಷೌರ ಮಾಡಿಕೊಳ್ಳುವಾಗ ಅದು. ಚಪ್ಪಲಿ ಹೊಲಿಯುವಾಗ ಅದು. ಮಗಳಿಗೆ ಜ್ವರ ಬಂದು ಅಳುತ್ತಿದ್ದರೆ, ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತ ಅದೇ. ಹೊರಗೆ ಮೆಟ್ಟಿಲು ಹತ್ತುತ್ತ ಸಿಳ್ಳೆ ಶುರುವಾದರೆ ಒಳಗೆ ಚಹಾಕ್ಕೆ ನೀರಿಡುವುದು ವಾಡಿಕೆ. "ಜಗಳ ಆಡಿದ ದಿನಾನೂ ಹಾಕ್ತಿದ್ರು, ಸ್ವಲ್ಪ ಮೆತ್ತಗೆ" ಎಂದು ಹಬೆಯಕ್ಕ ನಗುತ್ತಾರೆ. "ನಾನು ಪಾತ್ರೆ ಕುಕ್ತಿದ್ದೆ. ಅವರು ಸಿಳ್ಳೆ ಹಾಕೋರು. ಆಮೇಲೆ ಯಾರು ಗೆದ್ರು ಅಂತ ಹೇಳ್ಬೇಕಾ?"

ನಾಲ್ಕು ವರ್ಷದ ಹಿಂದೆ ಆ ಸಿಳ್ಳೆ ನಿಂತುಹೋಯಿತು. ಶ್ವಾಸಕೋಶದ ಕಾಯಿಲೆ. ಕೊನೆಯ ತಿಂಗಳುಗಳಲ್ಲಿ ಮಾತಿಗೇ ಉಸಿರು ಸಾಲುತ್ತಿರಲಿಲ್ಲ, ಸಿಳ್ಳೆಗೆಲ್ಲಿಂದ ಬರಬೇಕು?

ಮಗಳು ಬಸ್ಸಿನ ಚಾಲಕಿ. ತಾಯಿಯ ಜೊತೆಯಲ್ಲೇ ಇದ್ದಾಳೆ. ಅವಳ ಬಸ್ಸು ದಿನವೂ ಹಳೆಯ ಕಾರ್ಖಾನೆಯ ಮುಂದೆ ಹಾದುಹೋಗುತ್ತದೆ. ಅಪ್ಪ ಹೋದ ಮುಂದಿನ ವರ್ಷ ಒಂದು ದಿನ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ, "ಅಮ್ಮಾ, ನಿನ್ನ ಫ್ಯಾಕ್ಟರಿ ಕೊಳವೇಲಿ ಹೊಗೆ ಬರ್ತಿದೆ" ಎಂದಳು. ಮಾರನೆಯ ದಿನ ಹಬೆಯಕ್ಕ ಅವಳ ಬಸ್ಸಿನಲ್ಲೇ ಕುಳಿತು ಹೋಗಿ ಗೇಟಿನ ಮುಂದೆ ಇಳಿದರು. ರೆಕಾರ್ಡು ಮತ್ತೆ ಬೇಕಾಗಿದೆಯಂತೆ, ಹೊಸ ಮಾಲೀಕರು ಕಟ್ಟಡ ಕೊಂಡಿದ್ದಾರಂತೆ, ಧೂಳು ಹಿಡಿದು ಮಲಗಿದ್ದ ಪ್ರೆಸ್ಸುಗಳಲ್ಲಿ ಒಂದನ್ನು ರಿಪೇರಿ ಮಾಡಿಸಿದ್ದಾರಂತೆ. ಮೆಕ್ಯಾನಿಕ್ ಒಬ್ಬ ಅದರೆದುರು ಬೆವರಿಳಿಸಿಕೊಂಡು ನಿಂತಿದ್ದ. "ಇದನ್ನ ನಡೆಸೋಕೆ ಬರುತ್ತಾ ನಿಮಗೆ?" ಎಂದು ಮಾಲೀಕರು ಕೇಳಿದರು. ಹಬೆಯಕ್ಕ ತಲೆಗೆ ಬಟ್ಟೆ ಬಿಗಿದರು.

"ನಮ್ಮನೆಯವರು ಯಾವಾಗ್ಲೂ ಅನ್ನೋರು, ನೋಡ್ತಾ ಇರು, ಆ ಪ್ರೆಸ್ಸು ಮತ್ತೆ ಏಳ್ತವೆ ಅಂತ. ನಾನು ತಮಾಷೆ ಮಾಡ್ತಿದ್ದೆ. ಎದ್ವು. ಅವರೇ ಇರ್ಲಿಲ್ಲ."

ಹೊಸ ಕೆಲಸ ಸಿಕ್ಕ ಸಂಭ್ರಮದ ಅಡಿಯಲ್ಲಿ ಇನ್ನೊಂದು ಸಂಕಟ ಬೆಳೆಯುತ್ತಿತ್ತು. ಸಿಳ್ಳೆಯ ರಾಗ ಮರೆತುಹೋಗುತ್ತಿತ್ತು. ಫೋನಿನಲ್ಲಿ ಗಂಡನ ಮಾತುಗಳಿವೆ, ಬರುವಾಗ ಸೋಪು ತಗೊಂಡು ಬಾ ಎಂಬಂಥವು. ಸಿಳ್ಳೆ ಇಲ್ಲ. ದಿನವೂ ಕೇಳುವುದನ್ನು ಯಾರು ಹಿಡಿದಿಡುತ್ತಾರೆ? ಮೊದಲ ತುಂಡು ನೆನಪಿಗೆ ಬರುತ್ತಿತ್ತು, ಆಮೇಲಿನದು ಕೈಗೆ ಸಿಕ್ಕಂತಾಗಿ ಜಾರುತ್ತಿತ್ತು. ಕೊನೆಗೆ ರಾಗ ಕೆಳಗಿಳಿದು ಮೊದಲಿಗೇ ಬಂದು ಸೇರುತ್ತದೆ ಎಂದು ಹಬೆಯಕ್ಕ. ಇಲ್ಲ, ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ ಎಂದು ಮಗಳು. ಊಟದ ನಡುವೆ ತಾಯಿ ಮಗಳು ಗುನುಗಿಕೊಂಡು ಜಗಳವಾಡಿ, ಒಬ್ಬರ ರಾಗ ಇನ್ನೊಬ್ಬರ ರಾಗವನ್ನು ಕೆಡಿಸಿ, ಇಬ್ಬರೂ ತಟ್ಟೆ ತೊಳೆಯಲು ಏಳುತ್ತಿದ್ದರು. "ಮನುಷ್ಯ ಹೋಗೋದು ಒಂದ್ಸಲ ಅಂದ್ಕೊಂಡಿದ್ದೆ" ಎನ್ನುತ್ತಾರೆ ಹಬೆಯಕ್ಕ. "ಇಲ್ಲ ಕಣಪ್ಪಾ. ದಿನಾ ಚೂರು ಚೂರು ಹೋಗ್ತಾರೆ."

ಹೀಗಿರುವಾಗ ಎರಡು ತಿಂಗಳ ಹಿಂದೆ, ಚಹಾದ ಹೊತ್ತಿಗೆ ಮಾಲೀಕರು ಒಂದು ಹೊದಿಕೆಯ ಮಾದರಿ ಹಿಡಿದುಕೊಂಡು ಬಂದರು. ಇಂಗ್ಲೆಂಡಿನಿಂದ ದೊಡ್ಡ ಕೆಲಸ ಸಿಕ್ಕಿದೆ, ಹಳೆಯ ಆಲ್ಬಮ್ಮನ್ನು ಹಳೆಯ ಕೈಪ್ರೆಸ್ಸಿನಲ್ಲೇ ಒತ್ತಿಸಬೇಕೆಂಬುದು ಅಲ್ಲಿಯವರ ಆಸೆ ಎಂದರು. ಹೊದಿಕೆ ಬಿಚ್ಚಿದಾಗ ನೀಲಿ ಕುದುರೆ ಹೊರಬಂತು. ಹಬೆಯಕ್ಕನ ಕೈಯ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. "ಹುಷಾರಿಲ್ವಾ ಅಕ್ಕಾ?" ಎಂದು ಮಾಲೀಕರು ಕೇಳಿದರೆ, "ಇದು ನಮ್ಮನೆ ಹಾಡು ಸರ್" ಎಂದಷ್ಟೇ ಹೇಳಿದರು.

ಅಂದಿನಿಂದ ಅಚ್ಚು ಬರುವವರೆಗೂ ಅವರಿಗೆ ದಿನಗಳು ತೆವಳಿದವು. ಮಗಳು, "ಈ ಆರ್ಡರ್ ಆದ್ಮೇಲೆ ಸಾಕಮ್ಮ, ಬೆನ್ನು ನೋಡ್ಕೋ" ಎಂದು ರೇಗುತ್ತಿದ್ದರೂ ರಾತ್ರಿ ಮಲಗುವ ಮುಂಚೆ ಅವಳದೂ ಅದೇ ಪ್ರಶ್ನೆ. "ಬಂತಾ ಅಚ್ಚು?"

ಅಚ್ಚು ಬಂತು. ಮೊದಲ ತಟ್ಟೆಗಳನ್ನು ಹಬೆಯಕ್ಕ ಒತ್ತಿದರು. ಕೇಳುವ ಕೋಣೆಯಲ್ಲಿ ಕೂರುವ ಗಡ್ಡದ ಮನುಷ್ಯನಿಗೆ ಇಲ್ಲಿ ಕಿವಿರಾಯ ಎಂದು ಹೆಸರು. ದಿನವಿಡೀ ರೆಕಾರ್ಡು ಕೇಳಿ, ಎಲ್ಲಿ ಚಿಟ್ಟೆಂದಿತು, ಎಲ್ಲಿ ಸರ್ರೆಂದಿತು ಎಂದು ಗುರುತು ಹಾಕುವುದು ಅವರ ಕಸುಬು. ವಿಷಯ ತಿಳಿದ ಅವರು ತಾವೇ ಪ್ರೆಸ್ಸಿನ ಬಳಿಗೆ ಬಂದು, "ಅಕ್ಕಾ, ಇವತ್ತು ಮೊದಲ ತಟ್ಟೆ ನೀವು ಬಂದ ಮೇಲೇನೇ ಹಾಕೋದು" ಎಂದರು.

ಹಬೆಯಕ್ಕ ಕೈಕಾಲು ತೊಳೆದು, ತಲೆಯ ಬಟ್ಟೆ ಬಿಚ್ಚಿ, ಕೂದಲು ಸರಿಮಾಡಿಕೊಂಡು ಆ ಕೋಣೆಯೊಳಗೆ ಕಾಲಿಟ್ಟರು. ಅಷ್ಟು ವರ್ಷ ಇದೇ ಕಟ್ಟಡದಲ್ಲಿ ದುಡಿದಿದ್ದರೂ ಅದರ ಒಳಗನ್ನು ನೋಡಿದ್ದು ಅದೇ ಮೊದಲು. ಒಂದು ಮೇಜು, ಎರಡು ದೊಡ್ಡ ಸ್ಪೀಕರು, ಮೆತ್ತನೆಯ ಒಂದು ಕುರ್ಚಿ. ಕಿವಿರಾಯರು ಕುರ್ಚಿಯನ್ನು ಅವರಿಗೆ ಬಿಟ್ಟು ತಾವು ನಿಂತುಕೊಂಡರು. ಮುಳ್ಳು ತಟ್ಟೆಯ ಮೇಲೆ ಇಳಿಯಿತು.

ಯಾರೋ ನಿದ್ದೆಯಲ್ಲಿ ಉಸಿರೆಳೆದಂತೆ ಆರ್ಗನ್ ಶುರುವಾಯಿತು. ನೀರಿನ ತಳದಿಂದ ಎದ್ದು ಬಂದಂತೆ ಗಿಟಾರು. ಹಕ್ಕಿಗಳ ಚಿಲಿಪಿಲಿ, ಅದರೊಳಗೆ ಮಗುವಿನ ನಗು, ನಗು ಹಿಂದುಮುಂದಾಗಿ ಓಡಿ ಬೇರೇನೋ ಆಗುವುದು. ದನಿಗಳು ಒಂದು ಸ್ಪೀಕರಿನಿಂದ ಎದ್ದು ತಲೆಯ ಮೇಲೆ ಹಾರಿ ಇನ್ನೊಂದರಲ್ಲಿ ಇಳಿಯುತ್ತಿದ್ದವು. ಹಬೆಯಕ್ಕ ಮೈಯೆಲ್ಲ ಕಿವಿಯಾಗಿ ಕುಳಿತರು. ಒಂದು ಹಾಡಿನ ಮಾತುಗಳು ಏನೆಂದು ಕೇಳಿದಾಗ ಕಿವಿರಾಯರು ಮೆಲ್ಲಗೆ ಬಿಡಿಸಿ ಹೇಳಿದರು: "ಒಬ್ಬ ಹುಡುಗ ನೀಲಿ ಕುದುರೆ ಹತ್ಕೊಂಡು ಸಮುದ್ರದ ಕೆಳಗೆ ತನ್ನ ಮನೆ ಹುಡುಕ್ತಾ ಹೋಗ್ತಾನೆ ಅಕ್ಕಾ."

"ಸಿಗುತ್ತಾ?"

"ಗೊತ್ತಾಗಲ್ಲ. ಹಾಡು ದೂರ ಹೋಗ್ತಾ ಹೋಗ್ತಾ ಹಾಗೇ ನಿಂತುಬಿಡುತ್ತೆ."

ಒಂದು ಮಗ್ಗುಲು ಮುಗಿಯಿತು. ತಟ್ಟೆ ಮಗುಚಿದರು. ಎರಡನೆಯ ಮಗ್ಗುಲೂ ಮುಗಿಯಿತು. ಮುಳ್ಳು ನಡುವಿಗೆ ಬಂದು ಕುಟುಕುಟು ಎನ್ನತೊಡಗಿದಾಗ ಹಬೆಯಕ್ಕ ಇನ್ನೂ ಕಾಯುತ್ತಿದ್ದರು.

"ಇದರಲ್ಲಿಲ್ಲ" ಎಂದರು.

"ಏನಿಲ್ಲ ಅಕ್ಕಾ?"

ಅವರು ನೆನಪಿದ್ದಷ್ಟು ಗುನುಗಿ ತೋರಿಸಿದರು. ಕಿವಿರಾಯರು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಗುನುಗಲು ಹೇಳಿದರು. ಎಲ್ಲೋ ಕೇಳಿದಂತಿದೆ, ಆದರೆ ಯಾರೂ ಇದನ್ನು ಹಾಡುವುದಿಲ್ಲ, ಗಿಟಾರಿನಲ್ಲೂ ಇಲ್ಲ ಎಂದರು. ಬೇಕಾದರೆ ಇನ್ನೊಮ್ಮೆ ಹಾಕುತ್ತೇನೆ ಎಂದರು. ಹಬೆಯಕ್ಕ ಬೇಡವೆಂದು ಎದ್ದರು. ಬಾಗಿಲ ಬಳಿ ನಿಂತು, "ಹಾಡು ಚೆನ್ನಾಗಿದೆ. ಎಲ್ಲೂ ಚಿಟ್ ಅನ್ಲಿಲ್ಲ" ಎಂದು ಹೇಳಿ ಪ್ರೆಸ್ಸಿಗೆ ಮರಳಿದರು.

ಆ ಸಂಜೆ ಮನೆಯಲ್ಲಿ ಮಗಳು ಅವರ ಮುಖ ನೋಡಿಯೇ ಅರ್ಥಮಾಡಿಕೊಂಡಳು. "ಅಪ್ಪ ಸುಳ್ಳು ಹೇಳಿದ್ರಾ ಹಾಗಾದ್ರೆ?" ಎಂದಳು. ಹಬೆಯಕ್ಕನಿಗೆ ಸಿಟ್ಟು ಬಂತು. ಮಗಳ ಮೇಲೋ, ಹೋದವರ ಮೇಲೋ, ಅವರಿಗೇ ತಿಳಿಯಲಿಲ್ಲ. ಹುಡುಗಿಯ ಎದುರು ಹೆಚ್ಚುಗಾರಿಕೆ ತೋರಿಸಲು ಯಾವುದೋ ರಾಗಕ್ಕೆ ನೀಲಿ ಕುದುರೆಯ ಹೆಸರು ಹಚ್ಚಿರಬಹುದು. ಗಂಡುಹುಡುಗರು ಅಷ್ಟು ಮಾಡುವುದಿಲ್ಲವೇ? ಇದರಲ್ಲಿ ತಪ್ಪೇನಿದೆ? ಹೀಗೆಲ್ಲ ತಮಗೆ ತಾವೇ ಹೇಳಿಕೊಂಡರು. ಆದರೂ ಮನಸ್ಸು ಒಪ್ಪಲಿಲ್ಲ. "ಸುಳ್ಳು ಹೇಳಿದ್ರೆ ನಂಗೆ ಬೇಜಾರಿಲ್ಲ" ಎಂದು ಅವರು ಈಗ ಹೇಳುತ್ತಾರೆ. "ಆದ್ರೆ ಹುಡುಕೋಕೆ ಇದ್ದಿದ್ದು ಅದೊಂದೇ ಜಾಗ. ಅಲ್ಲೂ ಇಲ್ಲ ಅಂದ್ಮೇಲೆ ಇನ್ನೆಲ್ಲಿಗೆ ಹೋಗ್ಲಿ?"

ಅದಾದ ಮೇಲೆ ಕೆಲವು ದಿನ ಅವರು ಮುಖ ಸಪ್ಪಗೆ ಮಾಡಿಕೊಂಡೇ ದುಡಿದರು. ತಟ್ಟೆಗಳು ಎದ್ದವು, ನೀಲಿ ಕುದುರೆಗಳು ಕಟ್ಟುಕಟ್ಟಾಗಿ ಹೊರಟವು.

ಒಂದು ಬೆಳಿಗ್ಗೆ ಗಾಡಿ ತಳ್ಳುವವನು ಸೊಂಟ ಹಿಡಿದುಕೊಂಡಿದೆ ಎಂದು ರಜೆ ಹಾಕಿದ. ತಟ್ಟೆಗಳು ರಾಶಿಬಿದ್ದವು. ಇನ್ನೊಬ್ಬರನ್ನು ಕರೆಯುವುದಕ್ಕಿಂತ ನಾನೇ ಹೋಗಿಬರುತ್ತೇನೆಂದು ಹಬೆಯಕ್ಕ ಗಾಡಿ ಹಿಡಿದರು. ಉದ್ದನೆಯ ಹಾದಿ, ಸಿಮೆಂಟಿನ ನೆಲ, ಒಂದು ಚಕ್ರ ಕುಂಟುತ್ತಿತ್ತು. ಕೇಳುವ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ರೆಕಾರ್ಡು ಓಡುತ್ತಿದೆ, ಯಾರೂ ಬಾಗಿಲು ತೆಗೆಯಬಾರದು ಎಂದರ್ಥ. ಕಾಯಬೇಕು. ನಿಂತು ನಿಂತು ಬೆನ್ನು ನೋಯುತ್ತಿತ್ತು. ಅವರು ಗೋಡೆಗೆ ಒರಗಿದರು.

ಗೋಡೆಯ ಒಳಗಿಂದ ಗಂಡನ ಸಿಳ್ಳೆ ಬರುತ್ತಿತ್ತು.

ಸಿಳ್ಳೆಯಷ್ಟು ತೆಳ್ಳಗಿರಲಿಲ್ಲ, ದಪ್ಪಗಿತ್ತು, ಭೂಮಿಯ ಒಳಗಿಂದ ಯಾರೋ ಗುದ್ದುತ್ತಿರುವಂತೆ. ಆದರೆ ನಡೆ ಅದೇ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಚೂರು ತಡೆದು ಮತ್ತೆ ಮುಂದೆ. ಅವರಿಗೆ ನೆನಪಿದ್ದ ಮೊದಲ ತುಂಡು ಮುಗಿಯಿತು. ಅದು ನಿಲ್ಲಲಿಲ್ಲ. ಮರೆತುಹೋಗಿದ್ದ ತುಂಡು ತಾನಾಗಿಯೇ ಬಂತು. ಹೌದು, ಹೀಗೇ, ಹೀಗೇ ಅಲ್ಲವೇ ಇದ್ದದ್ದು ಎನ್ನುವಷ್ಟರಲ್ಲಿ ಮುಂದಿನದೂ ಬಂತು. ಹಾಡುವವರ ದನಿ ಇರಲಿಲ್ಲ, ಆರ್ಗನ್ ಇರಲಿಲ್ಲ, ಹಕ್ಕಿಗಳಿರಲಿಲ್ಲ. ಇಟ್ಟಿಗೆಯ ಗೋಡೆ ಅವೆಲ್ಲವನ್ನೂ ಒಳಗೇ ಉಳಿಸಿಕೊಂಡು ಇದೊಂದನ್ನೇ ಹೊರಗೆ ಬಿಡುತ್ತಿತ್ತು. ಹಬೆಯಕ್ಕ ತಿರುಗಿ ನಿಂತು ಎರಡೂ ಅಂಗೈ, ಆಮೇಲೆ ಕೆನ್ನೆಯನ್ನೂ ಗೋಡೆಗೆ ಹಚ್ಚಿದರು.

ದೀಪ ಆರಿದ ಮೇಲೆ ಬಾಗಿಲು ತೆಗೆದ ಕಿವಿರಾಯರಿಗೆ ಕಂಡದ್ದು ಗೋಡೆ ತಬ್ಬಿ ನಿಂತ ಹೆಂಗಸು. ಗಾಬರಿಯಾಗಿ, "ಅಕ್ಕಾ, ಏನಾಯ್ತು? ನೀರು ತರ್ಲಾ?" ಎಂದರು. ಹಬೆಯಕ್ಕ ಕೈಯಲ್ಲೇ, ಮತ್ತೆ ಹಾಕಿ ಎಂದು ಸನ್ನೆ ಮಾಡಿದರು. ಅವರು ಒಳಗೆ ಹೋಗಿ ಅದೇ ಹಾಡನ್ನು ಮತ್ತೆ ಹಾಕಿ, ಬಾಗಿಲೆಳೆದುಕೊಂಡು ಹೊರಬಂದು, ತಾವೂ ಗೋಡೆಗೆ ಕಿವಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು.

"ಬೇಸ್ ಗಿಟಾರು ಅಕ್ಕಾ! ದಪ್ಪ ತಂತೀದು. ತೆಳು ಸದ್ದೆಲ್ಲ ಗೋಡೆ ದಾಟಲ್ಲ, ಇದೊಂದೇ ದಾಟುತ್ತೆ. ಒಳಗೆ ಕೂತ್ರೆ ಹಾಡಿನ ಅಡಿಗೆ ಹೋಗ್ಬಿಡುತ್ತೆ, ಯಾರೂ ಗಮನಿಸಲ್ಲ."

ಗಾಡಿಯ ಹುಡುಗ ಹೇಳಿದ್ದು ಸುಳ್ಳಾಗಿರಲಿಲ್ಲ. ಅವನ ಪಾಲಿಗೆ ಬಂದ ಹಾಡೇ ಅಷ್ಟು. ಬಾಗಿಲಾಚೆ ನಿಂತವನಿಗೆ ಎಷ್ಟು ಕೇಳಿಸಿತೋ ಅಷ್ಟನ್ನು ಎತ್ತಿಕೊಂಡು, ಅದನ್ನೇ ಇಡೀ ಹಾಡೆಂದು ನಂಬಿ, ಗೇಟಿನ ಹೊರಗೆ ಒಬ್ಬ ಹುಡುಗಿಗೆ ತಂದುಕೊಟ್ಟಿದ್ದ.

"ಪಾಪ, ಅವರಿಗೂ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಹಬೆಯಕ್ಕ. ಅಂಚು ಕತ್ತರಿಸುವ ಕೈ ಒಂದು ಕ್ಷಣ ನಿಲ್ಲುತ್ತದೆ. "ಅವರೂ ಪೂರ್ತಿ ಕೇಳ್ದೇನೇ ಹೋದ್ರು. ನಂಗೆ ಅದೊಂದು ಸಂಕಟ. ಮತ್ತೆ ಅನ್ಸುತ್ತೆ, ಪೂರ್ತಿ ಕೇಳಿದ್ದಿದ್ರೆ ಎಲ್ಲರ ಹಾಗೆ ಹಾಡಿನ ಮಾತು ಹಾಡ್ತಿದ್ರೋ ಏನೋ. ಈ ಸಿಳ್ಳೆ ನಮ್ಮನೇಲಿ ಇರ್ತಿರ್ಲಿಲ್ಲ."

ಮರುದಿನ ಮಗಳು ಕೆಲಸ ಮುಗಿಸಿ, ಖಾಕಿ ಅಂಗಿಯಲ್ಲೇ ಕಾರ್ಖಾನೆಗೆ ಬಂದಳು. ಹಬೆಯಕ್ಕ ಅವಳನ್ನು ಕರೆದುಕೊಂಡು ಹೋಗಿ ಗೋಡೆಯ ಪಕ್ಕ ನಿಲ್ಲಿಸಿದರು. ಒಳಗೆ ಮುಳ್ಳು ಇಳಿಯಿತು. ದಟ್ಟಣೆಯ ರಸ್ತೆಯಲ್ಲಿ ದಿನವಿಡೀ ಬಸ್ಸು ಓಡಿಸಿಯೂ ಸೋಲದ ಗಟ್ಟಿ ಹೆಂಗಸು ಅವಳು. ರಾಗ ಎರಡನೆಯ ತುಂಡಿಗೆ ಬರುವಷ್ಟರಲ್ಲಿ "ಅಪ್ಪಾ" ಎಂದು ಚಿಕ್ಕ ಮಗುವಿನಂತೆ ಅಂದು ತಾಯಿಯ ಭುಜಕ್ಕೆ ಮುಖವಿಟ್ಟಳು. ಹಾಡಿನ ನಡುವೆ ಎರಡು ಸಾರಿ ರಾಗ ಕೆಳಗಿಳಿದು ಮೊದಲಿಗೇ ಸೇರಿತು. ಕೊನೆಯ ಸಾರಿ ಮಾತ್ರ ಮೇಲೇರಿ ಅಲ್ಲೇ ನಿಂತಿತು.

"ನೋಡಿದ್ಯಾ, ಮೇಲೆ ಹೋಗುತ್ತೆ ಅಂದಿರ್ಲಿಲ್ವಾ?" ಎಂದಳು ಮೂಗೊರೆಸಿಕೊಳ್ಳುತ್ತ.

"ಎರಡು ಸಲ ಇಳೀತಲ್ಲೇ, ಕೇಳಿಸ್ಲಿಲ್ವಾ? ಹಾರ್ನ್ ಹೊಡೆದು ಹೊಡೆದು ಕಿವಿ ಹೋಗಿದೆ ನಿಂಗೆ."

ಆ ಹಾದಿಯಲ್ಲಿ ನಿಂತು ತಾಯಿ ಮಗಳು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು. ಈಗ ಮಗಳು ಬೆನ್ನಿನ ಮಾತು ಎತ್ತುವುದನ್ನು ಬಿಟ್ಟಿದ್ದಾಳೆ. ಹಬೆಯಕ್ಕ ವಾರಕ್ಕೆ ನಾಲ್ಕು ದಿನ ಬರುವುದೆಂದು ಅವರಿಬ್ಬರ ನಡುವೆ ಒಪ್ಪಂದವಾಗಿದೆ.

ನೀಲಿ ಕುದುರೆಯ ಕೆಲಸ ಈ ವಾರ ಮುಗಿಯುತ್ತದೆ. ಮುಂದಿನದಕ್ಕೆ ಬೇರೆ ಅಚ್ಚು, ಬೇರೆ ಹೊದಿಕೆ ಬಂದು ಕೂತಿವೆ. ಮಾಲೀಕರು ಚೆಂದದ ಒಂದು ಪ್ರತಿಯನ್ನು ಹಬೆಯಕ್ಕನಿಗೆಂದು ತೆಗೆದಿರಿಸಿದ್ದಾರೆ. ಜೊತೆಗೆ ರೆಕಾರ್ಡು ಹಾಕುವ ಒಂದು ಪೆಟ್ಟಿಗೆಯನ್ನೂ ಕೊಡುತ್ತೇವೆ, ಮನೆಯಲ್ಲಿ ನೆಮ್ಮದಿಯಾಗಿ ಕೇಳಿ ಎಂದಿದ್ದಾರೆ. ಹಬೆಯಕ್ಕ ಕೈಮುಗಿದು ಬೇಡವೆಂದಿದ್ದಾರೆ. ಆ ಪ್ರತಿ ಕೇಳುವ ಕೋಣೆಯಲ್ಲೇ ಇರಲಿ, ಕೆಲಸ ಕಡಿಮೆ ಇದ್ದ ದಿನ ಕಿವಿರಾಯರು ಒಂದು ಸಾರಿ ಹಾಕಲಿ ಎಂಬುದಷ್ಟೇ ಅವರ ಕೋರಿಕೆ.

"ಆದ್ರೆ ಒಳಗೆ ಬನ್ನಿ, ಕುರ್ಚಿ ಮೇಲೆ ಕೂತ್ಕೊಳ್ಳಿ ಅಂತ ಕರೀಬಾರ್ದು ಅಂತ ಹೇಳಿದೀನಿ" ಎನ್ನುತ್ತಾರೆ, ಮುಂದಿನ ತಟ್ಟೆಗೆ ಲೇಬಲ್ಲು ಇಡುತ್ತ. "ನಾನು ಹೊರಗೇ ನಿಂತಿರ್ತೀನಿ. ಒಳಗೆ ಹೋದ್ರೆ ಬರೀ ಹಾಡು ಕೇಳಿಸುತ್ತೆ."